ಭರತ ಏರುವ ಹೊತ್ತಿನ ಹಕ್ಕಿಗಳು

ಕರಾವಳಿಯಲ್ಲಿ ಹಕ್ಕಿ ನೋಡಲು ಹೊರಡುವವರು ಗಡಿಯಾರಕ್ಕಿಂತ ಮೊದಲು ಪಂಚಾಂಗ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಬಹಳ ದೂರ ಇಳಿಯುತ್ತದೆ, ಅಷ್ಟೇ ಜೋರಾಗಿ ಏರುತ್ತದೆ; ಈ ಏರುನೀರೇ ಭರತ. ಆದ್ದರಿಂದಲೇ ಮಹಾಲಯ ಅಮಾವಾಸ್ಯೆಯ ಮರುದಿನ ನಾನೂ ಗೆಳತಿಯೂ ನಸುಕಿನಲ್ಲೇ ಕುಮಟಾದಿಂದ ಅಘನಾಶಿನಿಯ ಅಳಿವೆಗೆ ಹೊರಟೆವು. ಬೆಳಕು ಹರಿಯುವಾಗ ನೀರು ಪೂರ್ತಿ ಇಳಿದಿತ್ತು. ಶಿರಸಿಯ ಬಳಿ ಹುಟ್ಟಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟು ಕಾಣದೆ ತದಡಿಯಲ್ಲಿ ಕಡಲು ಸೇರುವ ಹೊಳೆ ಇದು. ಘಟ್ಟದಿಂದ ತಂದ ಮಣ್ಣೆಲ್ಲ ಕಣ್ಣು ಹಾಯುವಷ್ಟು ದೂರ ಕೆಸರುಬಯಲಾಗಿ ಹಾಸಿಕೊಂಡಿತ್ತು.

ಹಕ್ಕಿಗಳು ಇದ್ದವು, ಆದರೆ ದೂರದಲ್ಲಿ, ನೀರಿನಂಚಿನಲ್ಲಿ, ಬರೀ ಚುಕ್ಕೆಗಳಾಗಿ. ನಾವು ಅವುಗಳ ಹಿಂದೆ ಹೋಗಲಿಲ್ಲ. ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಕಟ್ಟೆಯ ಪಕ್ಕದಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡದ ನೆರಳು ಹಿಡಿದು ಕುಳಿತೆವು. ನೀರು ಏರತೊಡಗಿದರೆ ಕೆಸರು ಕಿರಿದಾಗುತ್ತದೆ, ಹಕ್ಕಿಗಳು ಅಂಚಿನ ಜೊತೆಗೇ ಹಿಂದೆ ಸರಿಯುತ್ತವೆ. ಕುಳಿತವರ ಬಳಿಗೆ ಅವು ತಾವಾಗಿಯೇ ಬರುತ್ತವೆ.

ಎಂಟು ಗಂಟೆಯ ಸುಮಾರಿಗೆ ಮರಳು ಪ್ಲೋವರ್‌ಗಳು ಹತ್ತಿರವಾದವು. ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ಬಾಗಿ ಕುಕ್ಕುವುದು. ಚಳಿಗಾಲದ ಬೂದು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಇವುಗಳ ಎರಡು ಜಾತಿಗಳನ್ನು ಬೇರೆಮಾಡುವುದು ಕಷ್ಟ. ಕೊಕ್ಕಿನ ಉದ್ದವನ್ನು ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ಅಂತರದೊಂದಿಗೆ ಹೋಲಿಸಬೇಕು, ಕಾಲಿನ ಬಣ್ಣ ಹಸಿರು ಛಾಯೆಯದೋ ಕಪ್ಪು ಬೂದಿಯೋ ಎಂದು ನೋಡಬೇಕು. ಗಾತ್ರ ನಂಬುವಂಥದ್ದಲ್ಲ. ಹೆಚ್ಚಿನವು ಚಿಕ್ಕ ಕೊಕ್ಕಿನವು, ಈಗ ಟಿಬೆಟನ್ ಸ್ಯಾಂಡ್ ಪ್ಲೋವರ್ ಎಂದು ಪ್ರತ್ಯೇಕ ಜಾತಿಯಾಗಿ ಗುರುತಿಸಲ್ಪಟ್ಟವು. ಲಡಾಖ್, ಟಿಬೆಟ್‌ಗಳ ಬೋಳು ಎತ್ತರದಲ್ಲಿ ಮೊಟ್ಟೆ ಇಡುವ ಹಕ್ಕಿ ಸಮುದ್ರಮಟ್ಟದ ಈ ಉಪ್ಪು ಕೆಸರಿನಲ್ಲಿ ಹುಳ ಎಳೆಯುತ್ತಿದೆ ಎಂಬುದು ನನಗೆ ಇಂದಿಗೂ ಸಲೀಸಾಗಿ ನಂಬಲಾಗದ ಸಂಗತಿ.

ಅವುಗಳ ನಡುವೆ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳಿದ್ದವು. ಒಂದೆರಡರ ಹೊಟ್ಟೆಯ ಮೇಲೆ ಸಂತಾನಕಾಲದ ಇಟ್ಟಿಗೆ ಕೆಂಪು ಇನ್ನೂ ಚೂರುಚೂರಾಗಿ ಉಳಿದಿತ್ತು, ಮದುವೆ ಮುಗಿದು ವಾರವಾದರೂ ಬೆರಳಿನಲ್ಲಿ ಉಳಿಯುವ ಮದರಂಗಿಯ ಹಾಗೆ. ಉಳಿದವು ಬೆನ್ನಿನ ಗರಿಗರಿಗೂ ತಿಳಿಯಂಚು ಇದ್ದ, ಇದೇ ಬೇಸಿಗೆಯಲ್ಲಿ ಸೈಬೀರಿಯಾದ ಉತ್ತರ ತುದಿಯಲ್ಲಿ ಹುಟ್ಟಿದ ಮರಿಗಳು. ಈ ಜಾತಿಯಲ್ಲಿ ಗಂಡುಗಳು ಮೊದಲು ಹೊರಡುತ್ತವೆ, ಆಮೇಲೆ ಹೆಣ್ಣುಗಳು. ಮರಿಗಳು ಕೊನೆಗೆ, ತಂದೆ ತಾಯಿಯ ಜೊತೆಯಿಲ್ಲದೆ, ಒಮ್ಮೆಯೂ ನೋಡದ ದಾರಿ ಹಿಡಿದು ದಕ್ಷಿಣಕ್ಕೆ ಬರುತ್ತವೆ. ಎರಡು ತಿಂಗಳ ಹಿಂದೆ ಹಾರಲು ಕಲಿತ ಜೀವವೊಂದು ಸಾವಿರಾರು ಕಿಲೋಮೀಟರ್ ದಾಟಿ ನನ್ನ ಮುಂದೆ ನಿಂತಿತ್ತು. ದುರ್ಬೀನು ಕೆಳಗಿಳಿಸುವ ಮನಸ್ಸಾಗಲಿಲ್ಲ.

ಟೆರೆಕ್ ಸ್ಯಾಂಡ್‌ಪೈಪರ್ ಒಂದೇ ಒಂದು. ಮೇಲಕ್ಕೆ ಬಾಗಿದ ಉದ್ದ ಕೊಕ್ಕು, ಗಿಡ್ಡ ಹಳದಿ ಕಾಲು. ತಲೆ ಮುಂದೆ ಚಾಚಿ ಏಡಿಯ ಹಿಂದೆ ಅಡ್ಡಾದಿಡ್ಡಿ ಓಡಿತು, ಹಿಡಿಯಿತು. ತಿನ್ನುವ ಮೊದಲು ನೀರಿನ ಬಳಿಗೆ ಓಡಿ ಏಡಿಯನ್ನು ಅದ್ದಿ ಕೆಸರು ತೊಳೆಯಿತು. ಮತ್ತೊಂದು ಸಿಕ್ಕಾಗಲೂ ಹಾಗೆಯೇ.

ಬಯಲಿನಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಿದ್ದರು. ಮೊಣಕಾಲುದ್ದ ಕೆಸರಿನಲ್ಲಿ ಬಾಗಿ, ಕೈಯಿಂದ ತಡಕಿ, ಬುಟ್ಟಿಗೆ ಹಾಕಿ, ಒಂದು ಹೆಜ್ಜೆ ಮುಂದೆ. ಅವರಿಂದ ಹತ್ತು ಮಾರು ದೂರದಲ್ಲಿ ವಿಂಬ್ರೆಲ್ ಒಂದು ನಿಶ್ಚಿಂತೆಯಿಂದ ಏಡಿಯ ಕಾಲು ಕಿತ್ತು ಬಿಸಾಡುತ್ತಿತ್ತು. ನೆಟ್ಟಗೆ ನಡೆದು ಬರುವ ಮನುಷ್ಯ ಅದರ ಐದು ಪಟ್ಟು ದೂರದಲ್ಲಿದ್ದರೂ ಹಾರುವ ಹಕ್ಕಿ ಅದು. ನೀರು ಏರಿದಾಗ ಕಟ್ಟೆಗೆ ಬಂದ ಒಬ್ಬರನ್ನು ಕೇಳಿದೆ. "ಅವು ನಮ್ಮನ್ನು ನೋಡುವುದಿಲ್ಲ, ನಾವು ಅವನ್ನು ನೋಡುವುದಿಲ್ಲ, ಎರಡಕ್ಕೂ ಕೆಲಸವಿದೆಯಲ್ಲ" ಎಂದರು. ಈ ಮಳೆಗಾಲದಲ್ಲಿ ಸಿಹಿನೀರು ಹೆಚ್ಚಾಗಿ ಬಳಚು ಸಣ್ಣದಾಗಿದೆ ಎಂದೂ ಹೇಳಿದರು. ಹಕ್ಕಿ ನೋಡುವ ಶಿಬಿರಗಳಲ್ಲಿ ಕೆಸರಿನ ಬಗ್ಗೆ ಮಾತನಾಡಲು ಇಂಥವರನ್ನೇ ಮೊದಲು ಕರೆಸಬೇಕು.

ಹತ್ತೂವರೆಗೆ ಕೆಸರು ಮುಚ್ಚಿತು. ಹಕ್ಕಿಗಳೆಲ್ಲ ಅಳಿವೆಯ ಬಾಯಿಯ ಕಡೆಯ ಮರಳು ದಿಬ್ಬಕ್ಕೆ ಹೋಗಿ ಕುಳಿತವು. ಪ್ಲೋವರ್‌ಗಳು ಮುಂದೆ, ಗ್ರೀನ್‌ಶ್ಯಾಂಕ್‌ಗಳು ನೀರಿನಲ್ಲೇ ಒಂಟಿಕಾಲಲ್ಲಿ, ಹಿಂದೆ ಕೆಂಪು ಕೊಕ್ಕಿನ ಕ್ಯಾಸ್ಪಿಯನ್ ಟರ್ನ್‌ಗಳು. ಒಮ್ಮೆ ಪೆರೆಗ್ರಿನ್ ಡೇಗೆ ಎಂಬ ಬೇಟೆಹಕ್ಕಿ ಬಂತು. ಇಡೀ ಹಿಂಡು ಮುದ್ದೆಯಾಗಿ ಎದ್ದು, ಬಿಳಿಯಾಗಿ ಕಪ್ಪಾಗಿ ಹೊರಳಿ, ಡೇಗೆ ಬರಿಗಾಲಿನಲ್ಲಿ ಮರಳಿದ ಮೇಲೆ ಅದೇ ಜಾಗಕ್ಕೆ ಇಳಿಯಿತು.

ಆಮೇಲೆ ಬಂದವರು ಮರಳಲಿಲ್ಲ. ದೊಡ್ಡ ಲೆನ್ಸ್ ಹೊತ್ತ ಇಬ್ಬರು ಹಾರುವ ಚಿತ್ರಕ್ಕಾಗಿ ಹಿಂಡಿನೊಳಕ್ಕೇ ನಡೆದರು. ಹಕ್ಕಿಗಳು ಎದ್ದವು, ಸುತ್ತಿದವು, ಕುಳಿತವು; ಇವರು ಮತ್ತೆ ನಡೆದರು. ನನಗೆ ಮೈಯೆಲ್ಲ ಉರಿಯಿತು. ದೂರದ ಹಾರಾಟಕ್ಕೆ ಮುನ್ನ ಗಾಡ್‌ವಿಟ್‌ನಂಥ ದಂಡೆಹಕ್ಕಿಗಳ ಜಠರ, ಕರುಳು ಕುಗ್ಗುತ್ತವೆ, ತಲುಪಿದ ಮೇಲೆ ಮತ್ತೆ ಬೆಳೆಯಬೇಕು. ಆಗಷ್ಟೇ ಬಂದಿಳಿದ ಹಕ್ಕಿಗೆ ಭರತದ ಈ ಕೆಲವು ಗಂಟೆಗಳ ವಿಶ್ರಾಂತಿ ಊಟದಷ್ಟೇ ಮುಖ್ಯ. ಗೆಳತಿ ಹೋಗಿ ಇದನ್ನೇ ಸಮಾಧಾನವಾಗಿ ವಿವರಿಸಿದಳು. ಒಬ್ಬರು ಕೇಳಿಸಿಕೊಂಡು ಕುಳಿತರು. ಇನ್ನೊಬ್ಬರು ಮುಂದೆ ಹೋದರು. ಹಿಂಡಿನ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ದಿಬ್ಬ ಬಿಟ್ಟು ಉತ್ತರಕ್ಕೆ ಹಾರಿಹೋದವು.

2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು, 4,801 ಹೆಕ್ಟೇರ್. ಅದು ದೊಡ್ಡ ಮಾತು. ಆದರೆ ಇಲ್ಲಿಗೆ ಬರುವ ಹಲವು ಹಕ್ಕಿಗಳು ಆಗಸ್ಟ್‌ನಿಂದ ಏಪ್ರಿಲ್‌ವರೆಗೆ, ಅಂದರೆ ವರ್ಷದ ಹೆಚ್ಚಿನ ಕಾಲ, ನಮ್ಮ ದಂಡೆಯಲ್ಲೇ ಬದುಕುತ್ತವೆ, ಮತ್ತು ಅವುಗಳಿಗೆ ಬೇಕಾದ್ದು ಆ ಸಣ್ಣ ದಿಬ್ಬದ ಮೇಲೆ ನೀರು ತುಂಬಿದ ಹೊತ್ತಿನಲ್ಲಿ ಯಾರೂ ಕಾಲಿಡದಿರುವುದು. ಒಂದು ಫಲಕ, ನಾಯಿ ಮತ್ತು ಬೈಕುಗಳಿಗೆ ತಡೆ, ಕಾಯಲು ಊರಿನವರೇ ಒಬ್ಬರು, ಅವರಿಗೆ ಸಂಬಳ. ಮಧ್ಯಾಹ್ನ ಮಳೆ ಹಿಡಿದಾಗ ಅಂಗಡಿಯೊಂದರ ಜಗಲಿಯಲ್ಲಿ ಕುಳಿತು ಇದನ್ನೆಲ್ಲ ಮನವಿಯಾಗಿ ಬರೆದು, ಆ ದಿನದ ಹಕ್ಕಿಗಳ ಎಣಿಕೆಯನ್ನೂ ಲಗತ್ತಿಸಿ, ಗ್ರಾಮ ಪಂಚಾಯಿತಿಗೆ ಕೊಟ್ಟು ಬಂದೆವು.