ಬ್ಯಾಡ್ಜಿನ ಬೆನ್ನು ನೋಡಿ ಮಾತಾಡಿ

ಎರಡನೇ ಮಹಾಯುದ್ಧದ ಟೋಪಿ ಬ್ಯಾಡ್ಜು ಕೈಗೆ ಬಂದರೆ ಹೆಚ್ಚಿನವರು ಮುಖ ನೋಡಿ ಬೆಲೆ ಕಟ್ಟುತ್ತಾರೆ. ಮುಖ ಸವೆಸುವುದು ಯಾರಿಂದಲೂ ಆದೀತು. ಹಿಂಬದಿಯ ಬೆಸುಗೆ, ಕಿಲುಬು, ಸವೆತ ಮೂರೂ ಒಂದಕ್ಕೊಂದು ತಾಳೆಯಾಗುವ ಹಾಗೆ ಮಾಡುವುದು ಅಷ್ಟು ಸುಲಭವಲ್ಲ. ಮಂಗಳೂರು ಬಂದರಿನ ಗುಜರಿಯಲ್ಲಿ ತೂಕದ ಹಿತ್ತಾಳೆಯ ಜೊತೆ ಸಿಕ್ಕಿದರೂ ಆನ್‌ಲೈನ್ ಹರಾಜಿನಲ್ಲಿ ಸಿಕ್ಕಿದರೂ ಪರೀಕ್ಷೆ ಒಂದೇ. ಬೇಕಾದದ್ದು ಹತ್ತು ಪಟ್ಟು ಹಿಗ್ಗಿಸುವ ಮಸೂರ, ಟಾರ್ಚು, ಸೂಜಿ, ವರ್ನಿಯರ್ ಕ್ಯಾಲಿಪರ್.

ಬ್ಯಾಡ್ಜಿನ ಮೇಲೆ ಬ್ರಿಟಿಷ್ ಕಿರೀಟವಿದ್ದರೆ ಅದನ್ನು ಮೊದಲು ನೋಡಿ ಮುಗಿಸಿ. ಯುದ್ಧಕಾಲದ್ದು ಗುಮ್ಮಟದಂತೆ ಉಬ್ಬಿದ ಟ್ಯೂಡರ್ ಕಿರೀಟ. ನೆತ್ತಿ ನಡುವೆ ತಗ್ಗಿದ್ದರೆ ಅದು 1953ರ ಆಸುಪಾಸಿನಿಂದ ಈಚೆಯದು, ಎಲಿಜಬೆತ್ ರಾಣಿಯ ಕಾಲದ್ದು. "ಬರ್ಮಾ ಯುದ್ಧದ್ದು ಮಾರಾಯ್ರೆ" ಎಂದು ಯಾರು ಆಣೆ ಹಾಕಿದರೂ ಮಾತು ಅಲ್ಲಿಗೇ ಬಿಡಿ.

ಟೋಪಿಗೆ ಸಿಕ್ಕಿಸಲು ಹಿಂದೆ ಉದ್ದನೆಯ ಪಟ್ಟಿ, ಅಂದರೆ ಸ್ಲೈಡರ್ ಇರುತ್ತದೆ. ಇಲ್ಲವಾದರೆ ತಂತಿಯ ಎರಡು ಕಿವಿ, ಅಂದರೆ ಲಗ್. ಮುರಿಯುವುದು ಯಾವಾಗಲೂ ಇವೇ. ಯುದ್ಧಭೂಮಿಯಲ್ಲಿ ಕೈಗೆ ಸಿಕ್ಕಿದ ತಂತಿ ಬಗ್ಗಿಸಿ ಸೀಸ-ತವರದಲ್ಲಿ ಬೆಸೆದದ್ದು, ಸ್ಲೈಡರ್ ಹೋದಲ್ಲಿ ಎರಡು ಕಿವಿ ಕೂರಿಸಿದ್ದು, ಸೇಫ್ಟಿ ಪಿನ್ ಅಂಟಿಸಿದ್ದು, ಅಂಚಿಗೆ ತೂತು ಕೊರೆದು ದಾರದಲ್ಲಿ ಹೊಲಿದದ್ದು, ಎಲ್ಲ ಸಿಗುತ್ತವೆ. ಆದರೆ ಸೀಸದ ಬೆಸುಗೆ ಇವತ್ತಿಗೂ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಹಾಗಾಗಿ ಬೆಸುಗೆ ಬೂದು ಬಣ್ಣಕ್ಕೆ ತಿರುಗಿದೆ ಎಂದಷ್ಟಕ್ಕೇ ಹಳೆಯದಾಗುವುದಿಲ್ಲ.

ನೋಡಬೇಕಾದದ್ದು ಯಾವುದರ ಮೇಲೆ ಯಾವುದು ಕೂತಿದೆ ಎಂಬುದನ್ನು. ಬೆಸೆದ ಮೇಲೂ ಬ್ಯಾಡ್ಜು ಬಳಕೆಯಲ್ಲಿದ್ದರೆ ಪಾಲಿಶಿನ ಬಿಳಿ-ಹಸಿರು ಹುಡಿ ಬೆಸುಗೆಯ ಅಂಚಿನ ಮೇಲೂ ಹತ್ತಿ ಗಟ್ಟಿಯಾಗಿರುತ್ತದೆ. ಕಿವಿಯ ಒಳಮೈಯಲ್ಲಿ ಕಾಟರ್ ಪಿನ್, ಅಂದರೆ ಬ್ಯಾಡ್ಜು ಬೀಳದ ಹಾಗೆ ಕಿವಿಗಳೊಳಗೆ ತೂರಿಸುವ ಕಡ್ಡಿ, ಉಜ್ಜಿದ ಗೀರು ಇರುತ್ತದೆ. ಮುಂಭಾಗದ ಅಕ್ಷರ ಅಳಿಯುವಷ್ಟು ಸವೆದು, ಹಿಂದೆ ರಿಪೇರಿಯಾದ ಕಿವಿಯ ಒಳಮೈ ಮಾತ್ರ ಗೀರಿಲ್ಲದೆ ನುಣುಪಾಗಿದ್ದರೆ ರಿಪೇರಿ ಬಹುಮಟ್ಟಿಗೆ ಮಾರಾಟಕ್ಕಾಗಿ ಮಾಡಿದ್ದು. ಬೆಸುಗೆಯ ಸುತ್ತ ಉಂಗುರದಂತೆ ಎಳೆ ಹಸಿರು ಎದ್ದಿದ್ದರೆ, ಬೆಸುಗೆ ಹಿಡಿಯಲೆಂದು ಹಚ್ಚುವ ಆಮ್ಲದ ಫ್ಲಕ್ಸ್ ಹಾಕಿ ತೊಳೆಯದೆ ಬಿಟ್ಟಿದ್ದಾರೆ.

ಇನ್ನೊಂದು ಮೋಸವಿದೆ. ರಿಪೇರಿಯಾದ ಅಸಲಿ ಬ್ಯಾಡ್ಜನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದು ನಕಲು ಮಾಡುತ್ತಾರೆ. ಸವೆತವೂ ಬೆಸುಗೆಯ ಗಂಟೂ ಹಾಗೇ ಬರುತ್ತವೆ! ಅಲ್ಲಿ ಗಂಟಿನ ಮೇಲೆ ಸೂಜಿ ಮೊನೆ ಒತ್ತಿ: ಸೀಸ-ತವರವಾದರೆ ಮೊನೆ ಇಳಿದು ಬೆಳ್ಳಗೆ ಹೊಳೆಯುತ್ತದೆ, ಎರಕವಾದರೆ ಗಂಟೂ ಹಿತ್ತಾಳೆಯೇ. ಹಿತ್ತಾಳೆ ಆರಿದಾಗ ಸುಮಾರು ನೂರಕ್ಕೆ ಒಂದೂವರೆ ಪಾಲು ಕುಗ್ಗುವುದರಿಂದ 40 ಮಿ.ಮೀ. ಬ್ಯಾಡ್ಜಿನ ನಕಲು ಅರ್ಧ ಮಿ.ಮೀ.ಗಿಂತ ತುಸು ಹೆಚ್ಚೇ ಚಿಕ್ಕದಾಗುತ್ತದೆ. ಹಾಗೆಂದು ಎರಕದ್ದೆಲ್ಲ ನಕಲಿಯಲ್ಲ. ಭಾರತೀಯ ಪಡೆಗಳಿಗೆ ಇಲ್ಲಿಯ ಕುಶಲಕರ್ಮಿಗಳೂ ಎರಕ ಹೊಯ್ದು ಕೊಟ್ಟಿದ್ದಾರೆ. ಅಳತೆ ಹೋಲಿಸದೆ ತೀರ್ಪು ಬೇಡ.

ಬ್ರಿಟನ್ನಿನಲ್ಲಿ ಲೋಹದ ಅಭಾವದಿಂದ 1942ರಿಂದ ಬಂದ ಪ್ಲಾಸ್ಟಿಕ್ ಬ್ಯಾಡ್ಜುಗಳೂ ಇವೆ. ಅವನ್ನು ಅಸಿಟೋನಿನಿಂದ ಒರೆಸಬೇಡಿ, ಕರಗಿಹೋದಾವು.

ಬಟ್ಟೆಯ ಬ್ಯಾಡ್ಜಿಗೆ 365 ನ್ಯಾನೋಮೀಟರಿನ ಯುವಿ ಟಾರ್ಚು ಸಾಕು. ದಾರ ನೀಲಿಯಾಗಿ ಉರಿದರೆ ಅದು ಬಹುಮಟ್ಟಿಗೆ ಯುದ್ಧದ ನಂತರದ ದಾರ. ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಹಳೆಯ ದಾರವೂ ಹಾಗೇ ಹೊಳೆಯುತ್ತದೆ. ಆಗ ಬಟ್ಟೆಯೂ ಹೊಳೆಯುತ್ತಿರುತ್ತದೆ, ಅದರಿಂದ ಗೊತ್ತಾಗುತ್ತದೆ.

ನಮ್ಮ ಕರಾವಳಿಯಲ್ಲಿ ಬ್ಯಾಡ್ಜು ಹಾಳಾಗುವುದು ಹೆಚ್ಚಾಗಿ ಮನೆಯೊಳಗೇ. ಚೌತಿಗೆ ದೀಪ ಬೆಳಗುವಾಗ ಇದನ್ನೂ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿಬಿಡುತ್ತಾರೆ. ಹುಳಿ ಹಳೆಯ ಪದರವನ್ನು ತಿನ್ನುತ್ತದೆ, ಉಪ್ಪಿನ ಕ್ಲೋರೈಡ್ ಸಂದಿಯಲ್ಲಿ ಉಳಿಯುತ್ತದೆ. ಮಳೆಗಾಲದ ತೇವ ಸೇರಿದ ಕೂಡಲೇ ಎಳೆ ಹಸಿರು ಹಿಟ್ಟಿನಂಥ ಪುಡಿ ಏಳುತ್ತದೆ. ಗಟ್ಟಿಯಾದ ಕಡು ಕಿಲುಬಿನಿಂದ ತೊಂದರೆಯಿಲ್ಲ, ಈ ಪುಡಿ ಮಾತ್ರ ಲೋಹವನ್ನು ಕೊರೆಯುತ್ತಲೇ ಹೋಗುತ್ತದೆ. ಪುಡಿಯನ್ನು ಮರದ ಕಡ್ಡಿಯಿಂದ ತೆಗೆದು, ಡಿಸ್ಟಿಲ್ಡ್ ನೀರನ್ನು ದಿನಾ ಬದಲಿಸುತ್ತಾ ನೆನೆಸಿ, ಪೂರ್ತಿ ಒಣಗಿಸಿ. ಬಳಿಕ 100 ಮಿ.ಲೀ. ಎಥನಾಲಿಗೆ ಕಿಲುಬು ತಡೆಯುವ ರಾಸಾಯನಿಕವಾದ ಬೆಂಜೋಟ್ರಯಜೋಲ್ 3 ಗ್ರಾಂ ಕರಗಿಸಿ ಅದರಲ್ಲಿ ಒಂದು ದಿನ ಮುಳುಗಿಸಿಡಿ. ಅದು ವಿಷ, ಗ್ಲೌಸ್ ಬೇಕು, ಕಿಟಕಿ ತೆರೆದಿರಬೇಕು, ಹತ್ತಿರ ಬೆಂಕಿ ಇರಬಾರದು. ದಾರ, ಬಟ್ಟೆ ಇರುವ ಬ್ಯಾಡ್ಜಿಗೆ ಇದು ಯಾವುದೂ ಸಲ್ಲ.

ಪಿವಿಸಿ ಚೀಲದಲ್ಲಿಡಬೇಡಿ, ಅದು ಕಾಲಕ್ರಮೇಣ ಆಮ್ಲ ಬಿಡುತ್ತದೆ. ಪಾಲಿಯೆಸ್ಟರ್ ಹಾಳೆಯ ಚೀಲ, ಗಾಳಿಯಾಡದ ಡಬ್ಬ ಒಳ್ಳೆಯದು. ಐದು ಲೀಟರ್ ಡಬ್ಬಕ್ಕೆ ತೇವ ಹೀರುವ ಸಿಲಿಕಾ ಜೆಲ್ ಮಣಿ 100 ಗ್ರಾಂ ಹಾಕಿ. ಕಿತ್ತಳೆ ಮಣಿ ಹಸಿರಾದರೆ 120 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಕಾಯಿಸಿ, ಆರಿದ ಮೇಲೆ ಮತ್ತೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೋಡುತ್ತಿರಿ. ಮುಚ್ಚಳ ತೆಗೆಯುವುದು ಬಿಸಿಲಿದ್ದ ಮಧ್ಯಾಹ್ನ ಮಾತ್ರ.