ಒಬ್ಬರ ಫೀಸು ಕಟ್ಟಿದರೆ ಸಾಕಲ್ವಾ ಸರ್?

ಅಡಿಕೆ ಕೊಯ್ಲಿಗೋ ಊರ ಜಾತ್ರೆಗೋ ಬೆಂಗಳೂರಿನಿಂದ ಬಂದ ಹಳೆಯ ವಿದ್ಯಾರ್ಥಿಗಳು ಶಿವಮೊಗ್ಗದಲ್ಲಿ ಸಿಕ್ಕಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕಷ್ಟದಲ್ಲಿರೋ ಮಕ್ಕಳ ಓದಿಗೆ ಏನಾದರೂ ಕೊಡಬೇಕು ಅಂತಿದೆ ಸರ್. ಒಬ್ಬರ ಫೀಸು ಕಟ್ಟಿದರೆ ಸಾಕಲ್ವಾ?" ನಾನು ಇಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಕೊಡುವವರನ್ನೂ ಬೇಕಾದವರನ್ನೂ ಜೋಡಿಸುವ ಕೆಲಸವನ್ನು ನಾವು ಕೆಲವು ಸಹೋದ್ಯೋಗಿಗಳು ನೋಡಿಕೊಳ್ಳುತ್ತೇವೆ. ಹಾಗಾಗಿ ಪ್ರಶ್ನೆ ನನ್ನ ಹತ್ತಿರ ಬರುತ್ತದೆ.

ಫೀಸು ಕಟ್ಟಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಕೈಲಿ ಒಂದೇ ಮೊತ್ತವಿದ್ದು, ಅದು ಎಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಕೇಳಿದರೆ ನನ್ನ ಉತ್ತರ ಬೇರೆ. ಕೊನೆಯ ವರ್ಷ ಕಂಪನಿಯಲ್ಲಿದ್ದು ಕೆಲಸ ಕಲಿಯುವ ಇಂಟರ್ನ್‌ಶಿಪ್ ತಿಂಗಳುಗಳಿಗೆ ಕೊಡಿ.

ಫೀಸಿಗೆ ಒಂದಲ್ಲ ಒಂದು ದಾರಿ ಇದೆ. ತಡವಾದರೂ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ವಿದ್ಯಾರ್ಥಿವೇತನ ಬರುತ್ತದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ವಿದ್ಯಾಸಿರಿ ಬಂತು, ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. 2021ರಲ್ಲಿ ರೈತರ ಮಕ್ಕಳಿಗೆಂದು ರೈತ ವಿದ್ಯಾನಿಧಿ ಬಂದಾಗ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಎಂದಾಯಿತು. ಸರ್ಕಾರಿ ಶಾಲೆ ಕಾಲೇಜಿನಲ್ಲೇ ಹತ್ತು, ಹನ್ನೆರಡು ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತಿದೆ. ಓದು ಮುಗಿದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿಯಿಂದ ತಿಂಗಳಿಗೆ 3,000 ಇದೆ. ಅದಕ್ಕೆ ಚಾಲನೆ ಸಿಕ್ಕಿದ್ದೇ ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ, 2024ರ ಜನವರಿ 12ರಂದು.

ಓದುವಾಗ ಒಂದು, ಓದಿ ಮುಗಿದ ಮೇಲೆ ಒಂದು. ನಡುವೆ, ಓದಿನ ಭಾಗವಾಗಿಯೇ ಊರು ಬಿಟ್ಟು ಹೋಗಬೇಕಾದ ನಾಲ್ಕೈದು ತಿಂಗಳಿಗೆ ಯಾರೂ ಇಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ಹುಡುಗರು ಕೊನೆಯ ವರ್ಷ 14ರಿಂದ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಕೇಂದ್ರ ಸರ್ಕಾರ 2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಂದಾಗ ನನಗೂ ಆಸೆ ಹುಟ್ಟಿತ್ತು. ತಿಂಗಳಿಗೆ 5,000 ಎಂದಿತ್ತು. ಆದರೆ ಪೂರ್ಣಾವಧಿ ಓದುತ್ತಿರುವವರು ಅರ್ಜಿ ಹಾಕುವಂತಿಲ್ಲ ಎಂಬ ನಿಯಮವೂ ಅದರಲ್ಲೇ ಇತ್ತು.

ಈಗ ಹೊಸನಗರ ಕಡೆಯ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಬೆಂಗಳೂರಿನ ಕಂಪನಿಯೊಂದು ಆರಿಸಿಕೊಂಡಿದೆ, ಸ್ಟೈಪೆಂಡ್ ಇಲ್ಲ. ಪಿಜಿಗೆ ತಿಂಗಳಿಗೆ ಏಳೆಂಟು ಸಾವಿರ, ಸೇರುವಾಗಲೇ ಅಡ್ವಾನ್ಸ್ ಬೇರೆ. ಶಕ್ತಿ ಯೋಜನೆಯಿಂದ ಬಿಎಂಟಿಸಿ ಸಾಮಾನ್ಯ ಬಸ್ಸಿನ ಖರ್ಚು ಉಳಿಯುತ್ತದೆ, ಅದು ದೊಡ್ಡ ಉಪಕಾರವೇ. ಹುಡುಗನಾದರೆ ಅದೂ ಇಲ್ಲ. ನಾಲ್ಕು ತಿಂಗಳಿಗೆ ಎಷ್ಟು ಬಿಗಿ ಹಿಡಿದರೂ ನಲವತ್ತು ಸಾವಿರ ದಾಟುತ್ತದೆ. ಸ್ಟೈಪೆಂಡ್ ಕೊಡುವ ಕಂಪನಿಯಾದರೂ ಮೊದಲ ಹಣ ಕೈಗೆ ಬರುವುದು ತಿಂಗಳು ತುಂಬಿದ ಮೇಲೆ. ಅಡ್ವಾನ್ಸ್ ಕೊಡಬೇಕಾದ್ದು ಮೊದಲನೇ ದಿನ. ಎಲೆಚುಕ್ಕೆ ರೋಗ ಬಂದ ಒಂದೆಕರೆ ತೋಟದ ಮನೆಯಲ್ಲಿ ಆ ದಿನ ಅಷ್ಟು ದುಡ್ಡು ಎಲ್ಲಿಂದ ಬರಬೇಕು?

ದುಡ್ಡಿಲ್ಲದಿದ್ದರೆ ಇಂಟರ್ನ್‌ಶಿಪ್ ನಿಲ್ಲುವುದಿಲ್ಲ, ಅದು ಬೇರೆ ರೂಪ ತಾಳುತ್ತದೆ. ನನಗೆ ಹೆಚ್ಚು ನೋವು ಕೊಡುವುದು ಇದೇ. ಎರಡು ಮೂರು ಸಾವಿರ ತೆಗೆದುಕೊಂಡು ಆನ್‌ಲೈನಿನಲ್ಲಿ ಒಂದಷ್ಟು ವಿಡಿಯೋ ತೋರಿಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿವೆ. ಹಾಜರಿಗೆ, ಅಂಕಕ್ಕೆ ಅದು ಸಾಕಾಗುತ್ತದೆ. ಅದೇ ತರಗತಿಯಲ್ಲಿ, ಅಷ್ಟೇ ಬುದ್ಧಿಯ ಇನ್ನೊಬ್ಬ ಹುಡುಗ ಬೆಂಗಳೂರಿನಲ್ಲಿ ನಾಲ್ಕು ತಿಂಗಳು ನಿಜವಾದ ಕೆಲಸ ಮಾಡಿ, ಅಲ್ಲಿಯೇ ನೌಕರಿ ಹಿಡಿಯುತ್ತಾನೆ. ಮೂರೂವರೆ ವರ್ಷ ಒಂದೇ ಬೆಂಚಿನಲ್ಲಿ ಕೂತವರು ಬೇರೆಯಾಗುವುದು ಇಲ್ಲಿ, ಪಿಜಿ ಅಡ್ವಾನ್ಸಿನ ಮುಂದೆ. ಬುದ್ಧಿಯ ಕೊರತೆಯಿಂದಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನಿಸುತ್ತದೆ. ವಾರಾನ್ನದ ಕಾಲದಲ್ಲಿ ಜನ ಹುಡುಗನ ಶುಲ್ಕಕ್ಕಿಂತ ಮೊದಲು ವಾರಕ್ಕೊಂದು ದಿನದ ಊಟವನ್ನು ಹೊತ್ತುಕೊಂಡರು. ಆಮೇಲೆ ಒಂದೊಂದು ಸಮಾಜದವರೂ ಪೇಟೆಯಲ್ಲಿ ಉಚಿತ ಹಾಸ್ಟೆಲ್ ಕಟ್ಟಿಸಿದರು. ಹಳ್ಳಿಯ ಹುಡುಗನಿಗೆ ಪಾಠ ಸಿಗುತ್ತದೆ, ಉಳಿದುಕೊಳ್ಳಲು ಜಾಗ ಸಿಗುವುದಿಲ್ಲ ಎಂಬುದು ಅವರ ಕಣ್ಣೆದುರಿಗೇ ಇತ್ತು. ಅವತ್ತಿನ ಪೇಟೆ ಶಿವಮೊಗ್ಗ, ಇವತ್ತಿನದು ಮುನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರು.

ಕೆಲವರು ತಂದೆತಾಯಿಯ ಹೆಸರಿನಲ್ಲಿ ದತ್ತಿನಿಧಿ ಇಡಬೇಕೆಂದು ಬರುತ್ತಾರೆ. ಅವರ ಭಾವನೆಗೆ ನನ್ನ ಗೌರವವಿದೆ. ಆದರೆ ಲೆಕ್ಕವನ್ನೂ ಹೇಳಬೇಕಲ್ಲ. ಒಂದು ಲಕ್ಷ ಠೇವಣಿ ಇಟ್ಟರೆ ಶೇಕಡಾ 7ರಂತೆ ವರ್ಷಕ್ಕೆ ಏಳು ಸಾವಿರ. ಹಿಂದೆ ಯಾರೋ ಪ್ರೀತಿಯಿಂದ ಇಟ್ಟ ಐದು ಸಾವಿರದ ಬಡ್ಡಿ ಈಗ ಮುನ್ನೂರೈವತ್ತು ರೂಪಾಯಿ, ಅದೂ ಹೆಚ್ಚು ಅಂಕ ತೆಗೆದವರಿಗೆ ವಾರ್ಷಿಕೋತ್ಸವದ ದಿನ ಕವರಿನಲ್ಲಿ. ಅದೇ ಒಂದು ಲಕ್ಷವನ್ನು ಒಂದೇ ವರ್ಷದಲ್ಲಿ ಖರ್ಚು ಮಾಡಿದರೆ ಇಬ್ಬರು ನಾಲ್ಕು ತಿಂಗಳು ಬೆಂಗಳೂರಿನಲ್ಲಿ ನೆಮ್ಮದಿಯಾಗಿ ಇದ್ದು ಬರಬಹುದು. ಹೆಸರು ಶಾಶ್ವತವಾಗಿರಲಿ ಎನ್ನುವವರು ಪ್ರತಿ ವರ್ಷ ಇಷ್ಟು ಎಂದು ಕೊಡಲಿ, ಆ ವರ್ಷದ ನೆರವಿಗೆ ತಂದೆತಾಯಿಯ ಹೆಸರನ್ನೇ ಇಡೋಣ.

ಯಾರಿಗೆ ಕೊಡಬೇಕು? ಅಂಕಪಟ್ಟಿ ಮತ್ತು ಆದಾಯ ಪ್ರಮಾಣಪತ್ರ ಎರಡನ್ನೇ ನೋಡಿದರೆ ಮಲೆನಾಡಿನಲ್ಲಿ ಬಹಳ ಜನ ತಪ್ಪಿಹೋಗುತ್ತಾರೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮನೆ ಜಮೀನು ಕಳೆದುಕೊಂಡವರ ಮೊಮ್ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಅವರಲ್ಲಿ ಅನೇಕ ಕುಟುಂಬಗಳಿಗೆ ಉಳುವ ನೆಲಕ್ಕೆ ಇನ್ನೂ ಹಕ್ಕುಪತ್ರವಿಲ್ಲ. ಪಹಣಿ ಇಲ್ಲದ ರೈತನಿಗೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಸಿಗುವುದು ಕಷ್ಟ, ಅದಿಲ್ಲದೆ ರೈತನ ಮಗ ಎಂದು ತೋರಿಸಿ ರೈತ ವಿದ್ಯಾನಿಧಿ ಕೇಳುವುದೂ ಕಷ್ಟ. ಇನ್ನೊಂದು ಕಡೆ, ಕಾಗದದಲ್ಲಿ ಆದಾಯ ಮಿತಿಗಿಂತ ತುಸು ಮೇಲಿದ್ದು, ಕೊಳೆರೋಗಕ್ಕೆ ಫಸಲು ಕಳೆದುಕೊಂಡವರು. ಇಂಥವರು ಯಾರೆಂದು ಕ್ಲಾಸ್ ಟೀಚರಿಗೆ ಗೊತ್ತಿರುತ್ತದೆ, ಹಾಸ್ಟೆಲ್ ವಾರ್ಡನ್‌ಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಅವರ ಮಾತು ಕೇಳಿ.

ಕೊಡುವ ಬಗೆಯಲ್ಲಿ ನನ್ನ ಹಟ ಎರಡು. ಹಣ ಮುಂಚೆ ಸಿಗಬೇಕು. ಬಿಲ್ಲು ತಂದು ತೋರಿಸು, ಆಮೇಲೆ ಕೊಡುತ್ತೇವೆ ಎಂದರೆ ಆ ಹುಡುಗಿಯ ಅಪ್ಪ ಬಡ್ಡಿಗೆ ಸಾಲ ಮಾಡಬೇಕಾಗುತ್ತದೆ. ಹಾಗೆಯೇ, ವೇದಿಕೆಗೆ ಕರೆದು ಚೆಕ್ಕು ಹಿಡಿಸಿ ಫೋಟೋ ತೆಗೆಯುವುದು ಬೇಡ. ಇಪ್ಪತ್ತೊಂದು ವರ್ಷದ ಮಗು ತನ್ನ ಮನೆಯ ಬಡತನವನ್ನು ಊರಿಗೆಲ್ಲ ತೋರಿಸುವಂತಾಗಬಾರದು. ಹೇಗೆ ನಡೆಯುತ್ತಿದೆ ಎಂದು ತಿಂಗಳಿಗೊಮ್ಮೆ ಫೋನು ಮಾಡಿ ಕೇಳಿ, ಅದನ್ನು ಮಕ್ಕಳು ಖುಷಿಯಿಂದ ಹೇಳಿಕೊಳ್ಳುತ್ತಾರೆ.

ತೆರಿಗೆಯ ವಿಷಯವನ್ನೂ ಕೇಳುತ್ತಾರೆ. ವಿದ್ಯಾರ್ಥಿಯ ಖಾತೆಗೆ ನೇರವಾಗಿ ಹಾಕಿದ ಹಣಕ್ಕೆ ದಾನದ ಮೇಲಿನ ತೆರಿಗೆ ವಿನಾಯಿತಿ (80ಜಿ) ಇಲ್ಲ. ಅದು ಬೇಕಿದ್ದರೆ ಆ ವಿನಾಯಿತಿಗೆ ಅನುಮೋದನೆ ಪಡೆದ ಟ್ರಸ್ಟಿನ ಮೂಲಕ, 2,000 ಮೀರಿದರೆ ನಗದಲ್ಲದೆ ಬ್ಯಾಂಕಿನ ಮೂಲಕ ಕೊಡಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೂ ಆ ವಿನಾಯಿತಿ ಇಲ್ಲ, ಹಾಗಿರುವಾಗ ನೇರವಾಗಿ ಕೊಟ್ಟರೂ ನಷ್ಟವಿಲ್ಲ.

ಮಾಚೇನಹಳ್ಳಿಯಲ್ಲೋ ಪೀಣ್ಯದಲ್ಲೋ ಸ್ವಂತ ಕಾರ್ಖಾನೆ, ಕಚೇರಿ ಇರುವವರು ದಾನವನ್ನೇ ಮಾಡಬೇಕೆಂದಿಲ್ಲ, ಒಬ್ಬರನ್ನೋ ಇಬ್ಬರನ್ನೋ ಸ್ಟೈಪೆಂಡ್ ಕೊಟ್ಟು ಇಟ್ಟುಕೊಳ್ಳಿ. ಇನ್ನು, "ಸರ್, ದುಡ್ಡು ಕೊಡೋ ಸ್ಥಿತಿಯಲ್ಲಿಲ್ಲ, ಮನೆಯಲ್ಲೊಂದು ರೂಮಿದೆ" ಎಂದು ಸಂಕೋಚದಿಂದ ಹೇಳುವವರಿಗೆ: ಸಂಕೋಚವೇ ಬೇಡ. ತೀರ್ಥಹಳ್ಳಿಯ ಅಮ್ಮನೊಬ್ಬಳು ಮಗಳನ್ನು ಕಾಣದ ಪಿಜಿಗೆ ಕಳಿಸಲು ಹಿಂದೇಟು ಹಾಕುತ್ತಾಳೆ, ನಮ್ಮೂರ ಕಡೆಯವರ ಮನೆ ಎಂದರೆ ಒಪ್ಪುತ್ತಾಳೆ. ರೂಮು ಬೆಂಗಳೂರಿನ ಯಾವ ಕಡೆ ಇದೆ, ಎಷ್ಟು ತಿಂಗಳಿಗೆ ಆಗುತ್ತದೆ ಎಂದು ಡಿಸೆಂಬರಿನೊಳಗೆ ನಿಮ್ಮ ಹಳೆಯ ಕಾಲೇಜಿನ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರಿಗೆ ತಿಳಿಸಿಡಿ.