ಶರಾವತಿ ಹಿನ್ನೀರಿನ ಮೇಲೆ, ಗುಡ್ಡದ ನೆತ್ತಿಯಲ್ಲಿ ಎರಡು ರಾತ್ರಿ

ಹಿನ್ನೀರು ಕಾಣುವ ಹಾಗೆ ಗುಡ್ಡದ ಮೇಲೆ ಟೆಂಟ್ ಹಾಕಿ ಮಲಗಬೇಕು, ಎಲ್ಲಿ ಹೋಗೋಣ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ. ಯಾವ ತಿಂಗಳು? ಜಾಗ, ಟೆಂಟ್, ಊಟ ಎಲ್ಲ ಆಮೇಲೆ. ತಿಂಗಳು ಸರಿ ಇದ್ದರೆ ಉಳಿದದ್ದು ಹೇಗೋ ಆಗುತ್ತದೆ. ತಿಂಗಳು ತಪ್ಪಿದರೆ ಎಂಥ ಜಾಗವಾದರೂ ಒದ್ದಾಟವೇ.

ನಾವು ಎರಡು ಸಲ ಹೋಗಿದ್ದೇವೆ. ಒಮ್ಮೆ ಜನವರಿ ಕೊನೆಯಲ್ಲಿ, ಇನ್ನೊಮ್ಮೆ ದೀಪಾವಳಿ ಮುಗಿದ ಮೇಲೆ ನವೆಂಬರ್ ಮೊದಲ ವಾರದಲ್ಲಿ. ಎರಡು ಸಲವೂ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಆಚೆ ದಡ, ಸಾಗರ ತಾಲ್ಲೂಕಿನ ತುಮರಿ ಕಡೆಯ ಗುಡ್ಡಗಳು. ನೀರು ಅದೇ. ಆದರೆ ಅನುಭವ ಪೂರ್ತಿ ಬೇರೆ.

ಜನವರಿಯ ಕಥೆ ಮೊದಲು ಹೇಳುತ್ತೇನೆ. ಚಳಿ ಚೆನ್ನಾಗಿತ್ತು, ಆಕಾಶ ನಿಚ್ಚಳವಾಗಿತ್ತು. ಮಕ್ಕಳು ಇಡೀ ದಿನ ಮರದಡಿ ದರಕಿನ ಮೇಲೆ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಹೊರಳಾಡಿದರು. ಮನೆಗೆ ಬಂದು ಮಗನಿಗೆ ಸ್ನಾನ ಮಾಡಿಸುವಾಗ ಮೊಣಕಾಲಿನ ಹಿಂದೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಂಡಿತು. ಕೊಳೆ ಅಂದುಕೊಂಡು ಉಜ್ಜಿದೆ, ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಕಾಲುಗಳಿದ್ದವು. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ.

ಶಿವಮೊಗ್ಗದವರಿಗೆ ಮುಂದಿನದು ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳಲೇಬೇಕು. ಮಂಗನ ಕಾಯಿಲೆಯನ್ನು (ಮಂಗಗಳನ್ನೂ ಮನುಷ್ಯರನ್ನೂ ಕಾಡುವ ವೈರಸ್ ಜ್ವರ) ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಇದರಿಂದ ತೀರಿಕೊಂಡರು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಉಣುಗು ಕಚ್ಚಿದರೆ ಬರುತ್ತದೆ. ಮಳೆ ಪೂರ್ತಿ ನಿಂತು ಎಲೆ ಉದುರಿದ ಮೇಲೆ ಮರಿ ಉಣುಗುಗಳು ದರಕಿನಲ್ಲಿ ಜಾಸ್ತಿಯಾಗುತ್ತವೆ. ಹಾಗಾಗಿ ಡಿಸೆಂಬರ್‌ನಿಂದ ಮೇ ತನಕ ಹುಷಾರಾಗಿರಬೇಕು. ಪ್ರವಾಸಕ್ಕೆ ಒಳ್ಳೆಯ ಕಾಲ ಅಂತ ಎಲ್ಲರೂ ಹೇಳುವುದೂ ಇದೇ ತಿಂಗಳುಗಳನ್ನೇ!

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಕಾಣಿಸಿಕೊಳ್ಳಬಹುದು ಅಂತ ಡಾಕ್ಟರು ಹೇಳಿದರು. ಆ ಎಂಟು ದಿನ ನಾನು ಬೆಳಿಗ್ಗೆ ಸಂಜೆ ಮಗನ ಹಣೆ ಮುಟ್ಟಿ ನೋಡಿದ್ದೇನೆ. ಏನೂ ಆಗಲಿಲ್ಲ. ಎಲ್ಲ ಉಣುಗಿನಲ್ಲೂ ಆ ವೈರಸ್ ಇರುವುದಿಲ್ಲ ಅಂತ ಗೊತ್ತಿದ್ದರೂ ತಾಯಿಯ ಜೀವ ಕೇಳಬೇಕಲ್ಲ.

ಹೆದರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಡಿಸೆಂಬರ್ ನಂತರ ಹೋಗಲೇಬೇಕು ಅಂದರೆ ಇಷ್ಟು ಮಾಡಿ. ಬಯಲಿನಲ್ಲಿ, ದರಕು ಇಲ್ಲದ ಕಡೆ ಟೆಂಟ್ ಹಾಕಿ. ತಿಳಿ ಬಣ್ಣದ ಉದ್ದ ಪ್ಯಾಂಟ್ ಹಾಕಿಕೊಂಡು ಅದರ ತುದಿಯನ್ನು ಸಾಕ್ಸ್ ಒಳಗೆ ತುರುಕಿಕೊಳ್ಳಿ. ಆರೋಗ್ಯ ಇಲಾಖೆ ಹಳ್ಳಿಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಂಚುತ್ತದೆ, ಅಲ್ಲಿನವರು ತೋಟಕ್ಕೆ, ಕಾಡಿಗೆ ಹೋಗುವಾಗ ಅದನ್ನೇ ಹಚ್ಚಿಕೊಳ್ಳುತ್ತಾರೆ. ಉಳಿಯುವ ಮನೆಯವರನ್ನು ಕೇಳಿ. ಸಂಜೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ ಏನೂ ಬೇಡ. ಮಂಗ ಸತ್ತಿದೆ ಅಂತ ಸುದ್ದಿ ಇರುವ ಊರಿನ ಕಡೆ ಹೋಗಲೇಬೇಡಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಅಂತ ಮೊದಲೇ ಹೇಳಿ. ಬೆಂಗಳೂರಿನಲ್ಲಿ ಅದು ಅವರಿಗೆ ಥಟ್ಟನೆ ಹೊಳೆಯದಿರಬಹುದು.

ಅದಕ್ಕೇ ನಾನು ಹೇಳುವುದು ಅಕ್ಟೋಬರ್ ಕೊನೆ ಇಲ್ಲವೇ ನವೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ನೀರು ತುಂಬಿರುತ್ತದೆ. ಇಂಬಳ (ಜಿಗಣೆ) ಕಡಿಮೆಯಾಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ತೋಟದ ಅಂಚಿನಲ್ಲಿ, ಒದ್ದೆ ನೆಲದಲ್ಲಿ ಒಂದೆರಡು ಹತ್ತುತ್ತವೆ. ಸ್ವಲ್ಪ ಉಪ್ಪು ಜೇಬಲ್ಲಿಟ್ಟುಕೊಂಡರೆ ಸಾಕು. ಇಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಸುತ್ತದೆ, ಅಷ್ಟೇ. ಮಳೆಗಾಲದಲ್ಲಿ ಮಾತ್ರ ಟೆಂಟ್ ಯೋಚನೆಯೇ ಬೇಡ. ಏಪ್ರಿಲ್ ಮೇನಲ್ಲಿ ನೀರು ಕೆಳಗಿಳಿದು ಕೆಂಪು ಮಣ್ಣಿನ ದಡ, ಹಳೆಯ ಮರದ ಬೊಡ್ಡೆಗಳು ಎದ್ದು ನಿಲ್ಲುತ್ತವೆ. ನೀರು ತುಂಬ ಇಳಿದ ವರ್ಷ ಮುಳುಗಿದ ಹಿರೇಭಾಸ್ಕರ ಅಣೆಕಟ್ಟೂ ಕಾಣಿಸುತ್ತದೆ. ಅದನ್ನು ನೋಡಲೆಂದೇ ಬರುವವರಿದ್ದಾರೆ. ಆದರೆ ಅದು ಹಗಲು ನೋಡಿ ಬರುವ ಪ್ರವಾಸ, ಟೆಂಟಿನ ಕಾಲವಲ್ಲ.

ಈಗ ದಾರಿ. ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಸಾಗರ. ನಾವು ಶಿವಮೊಗ್ಗದಿಂದ ಕಾರಿನಲ್ಲಿ ಆಯನೂರು, ಆನಂದಪುರ ದಾಟಿ ಸಾಗರಕ್ಕೆ ಬಂದು ಅಲ್ಲೇ ತಿಂಡಿ ತಿಂದೆವು. ಸಾಗರದಲ್ಲಿ ಪೆಟ್ರೋಲ್ ತುಂಬಿಸಿ, ನಗದು ತೆಗೆದಿಟ್ಟುಕೊಳ್ಳಿ, ಔಷಧಿ ಬೇಕಿದ್ದರೆ ತಗೊಳ್ಳಿ. ಆಚೆ ದಡದಲ್ಲಿ ಅದೆಲ್ಲ ಸುಲಭವಲ್ಲ. ಅಲ್ಲಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಹೆಚ್ಚುಕಮ್ಮಿ 30 ಕಿ.ಮೀ. ಮೊದಲ ಸಲ ಇಲ್ಲಿ ಹಿನ್ನೀರು ದಾಟಲು, ವಾಹನಗಳನ್ನೂ ಒಯ್ಯುವ ಲಾಂಚ್‌ಗೆ ಸಾಲಿನಲ್ಲಿ ನಿಂತು ಒಂದೂವರೆ ತಾಸು ಕಾದಿದ್ದೆವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಎರಡು ಕಿಲೋಮೀಟರಿಗೂ ಉದ್ದ, ಕೇಬಲ್‌ಗಳಲ್ಲಿ ತೂಗು ಹಾಕಿದ್ದು. ಈಗ ಐದು ನಿಮಿಷದಲ್ಲಿ ದಾಟಬಹುದು. ರಾತ್ರಿ ಹೊತ್ತು ಹುಷಾರಿಲ್ಲದವರನ್ನು ಸಾಗರಕ್ಕೆ ಕರೆದೊಯ್ಯಲಾಗದೆ ಎಷ್ಟೋ ವರ್ಷ ಒದ್ದಾಡಿದ ಜನ ಆಚೆ ದಡದವರು. ಸೇತುವೆ ಮೇಲೆ ಕಾರು ಅಡ್ಡ ನಿಲ್ಲಿಸಿ ಫೋಟೋ ತೆಗೆಯುತ್ತಾ ನಿಂತವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಯವಿಟ್ಟು ದಾಟಿ ಹೋಗಿ.

ಮೊಬೈಲ್ ನೆಟ್‌ವರ್ಕ್ ನಂಬಬೇಡಿ. ಇಲ್ಲಿಯ ಜನ "ನೋ ನೆಟ್‌ವರ್ಕ್ ನೋ ವೋಟಿಂಗ್" ಅಂತ ಹೋರಾಟ ಮಾಡಿದವರು. ಈಗ ಕೆಲವು ಕಡೆ ಸಿಗುತ್ತದೆ, ಗುಡ್ಡದ ಒಂದು ಮಗ್ಗುಲಲ್ಲಿ ಸಿಕ್ಕಿದ್ದು ಇನ್ನೊಂದು ಮಗ್ಗುಲಲ್ಲಿ ಇರುವುದಿಲ್ಲ. ನಕ್ಷೆ ಮೊದಲೇ ಇಳಿಸಿಕೊಂಡಿರಿ. ಉಳಿಯುವ ಮನೆಯಲ್ಲಿ ಸ್ಥಿರ ದೂರವಾಣಿ ಇದ್ದರೆ ಆ ನಂಬರ್ ಬರೆದುಕೊಳ್ಳಿ.

ಜಾಗ ಗೊತ್ತು ಮಾಡುವಾಗ ಕೇಳಲೇಬೇಕಾದ ಒಂದು ಮಾತಿದೆ. "ಟೆಂಟ್ ಹಾಕುವುದು ನಿಮ್ಮ ಖಾತೆ ಜಮೀನಿನಲ್ಲಾ?" ಇಲ್ಲಿ ಸುತ್ತಲೂ ಶರಾವತಿ ಕಣಿವೆ ಅಭಯಾರಣ್ಯ, ಸಿಂಗಳೀಕಗಳ ಕಾಡು. ಅನುಮತಿ ಇಲ್ಲದೆ ಕಾಡಿನಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಮೊದಲ ಸಲ ನಮಗೆ ಫೋನಿನಲ್ಲಿ "ಎಂತ ತೊಂದರೆ ಇಲ್ಲ ಮಾರಾಯ್ರೇ" ಅಂದವರು ಕರೆದುಕೊಂಡು ಹೋಗಿದ್ದು ಅರಣ್ಯದ ಗಡಿಯೊಳಗೆ. ರಾತ್ರಿ ಒಂಬತ್ತಕ್ಕೆ ಅರಣ್ಯ ಸಿಬ್ಬಂದಿ ಬಂದು ಎಬ್ಬಿಸಿದರು. ಅವರು ಮಾಡಿದ್ದು ಸರಿಯೇ. ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು, ಟೆಂಟ್ ಮಡಚಿ, ಒಂದು ಮನೆಯ ಅಂಗಳಕ್ಕೆ ಬಂದು ಬಿದ್ದೆವು. ಆ ಮನೆಯವರೇ ಎರಡನೇ ಸಲ ನಮ್ಮನ್ನು ಉಳಿಸಿಕೊಂಡವರು.

ಅವರ ಮನೆ ಕೆಳಗೆ ತೋಟದ ಪಕ್ಕ. ಟೆಂಟ್ ಹಾಕಿದ್ದು ಮೇಲಿನ ಬ್ಯಾಣದಲ್ಲಿ. ಬ್ಯಾಣ ಅಂದರೆ ದನ ಮೇಯುವ ಹುಲ್ಲಿನ ಬಯಲು, ಸುತ್ತ ಕಾಡು. ಮನೆಯಿಂದ ಇಪ್ಪತ್ತು ನಿಮಿಷದ ಏರು. ಜಲಾಶಯದ ಪೂರ್ಣ ಮಟ್ಟವೇ ಸಮುದ್ರಮಟ್ಟದಿಂದ 1819 ಅಡಿ. ನಾವಿದ್ದದ್ದು ಅದಕ್ಕಿಂತ ನಾಲ್ಕೈದು ನೂರು ಅಡಿ ಮೇಲೆ. ಪೂರ್ವಕ್ಕೆ ಇಡೀ ನೀರು, ನೀರಿನ ನಡುವೆ ಹಸಿರು ನಡುಗಡ್ಡೆಗಳು. ದಕ್ಷಿಣಕ್ಕೆ ದೂರದಲ್ಲಿ ಕೊಡಚಾದ್ರಿ. ಒಬ್ಬರಿಗೆ 1,400 ರೂಪಾಯಿ ಆಯಿತು, ಎರಡು ಊಟ ಒಂದು ತಿಂಡಿ ಸೇರಿ. ಶೌಚಾಲಯ ಮನೆ ಹತ್ತಿರ ಮಾತ್ರ ಇದೆ. ಹೆಣ್ಣುಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದನ್ನು ಮೊದಲೇ ಕೇಳಿಕೊಳ್ಳಿ. ನನ್ನ ನಾದಿನಿಗೆ ರಾತ್ರಿ ಆ ಇಳಿಜಾರು ಇಳಿಯಲು ಕಷ್ಟವಾಯಿತು, ಎರಡನೇ ರಾತ್ರಿ ಅವರು ಮನೆಯ ಜಗಲಿಯಲ್ಲೇ ಮಲಗಿದರು.

ಟೆಂಟಿನ ಬಾಗಿಲನ್ನು ನೀರಿನ ಕಡೆಗೆ ಇಡಬೇಡಿ. ಎಲ್ಲರಿಗೂ ಹಾಗೇ ಇಡಬೇಕು ಅನಿಸುತ್ತದೆ, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಸೂರ್ಯ ಕಾಣಲಿ ಅಂತ. ಆದರೆ ನವೆಂಬರ್‌ನಲ್ಲಿ ಮೂಡುಗಾಳಿ ಶುರುವಾಗಿರುತ್ತದೆ. ನಡುರಾತ್ರಿ ದಾಟಿದ ಮೇಲೆ ಅದು ನೀರಿನ ಮೇಲಿಂದ ನೇರ ಬೀಸುತ್ತದೆ. ನಾವು ಮೊದಲ ರಾತ್ರಿ ಹಾಗೆ ಇಟ್ಟು, ಎರಡು ಗಂಟೆಗೆ ಎದ್ದು ಬಟ್ಟೆಯೆಲ್ಲ ಪಟಪಟ ಹೊಡೆದುಕೊಳ್ಳುವ ಟೆಂಟನ್ನು ತಿರುಗಿಸಿ ಹಾಕಿದೆವು. ಗಾಳಿಗೆ ಬೆನ್ನು ಕೊಟ್ಟು ಹಾಕಿ, ಹಗ್ಗ ನಾಲ್ಕೂ ಕಡೆ ಬಿಗಿದು ಕಟ್ಟಿ. ಗೂಟ ಹೊಡೆಯಲು ಕಲ್ಲು ಹುಡುಕಬೇಕಾಗುತ್ತದೆ, ಒಂದು ಸುತ್ತಿಗೆ ಇರಲಿ. ಇಬ್ಬನಿ ಮಳೆಯ ಹಾಗೇ ಸುರಿಯುತ್ತದೆ, ಅದಕ್ಕೆ ಮೇಲಿನ ಹೊದಿಕೆ ತೆಗೆಯಬೇಡಿ. ಮೈಮೇಲೆ ಎಷ್ಟು ಕಂಬಳಿ ಹೊದ್ದರೂ ಚಳಿ ನೆಲದಿಂದ ಬರುತ್ತದೆ. ಕೆಳಗೆ ದಪ್ಪ ಚಾಪೆ ಮುಖ್ಯ. ಶೂ ಟೆಂಟಿನ ಒಳಗೇ ಇರಲಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ, ಇದು ಹಾವಿನ ಸೀಮೆ.

ಬೆಳಗಿನ ಜಾವ ನೀರು ಕಾಣುವುದಿಲ್ಲ. ಕಣಿವೆ ತುಂಬ ಮಂಜು. ಏಳು ಗಂಟೆ ಹೊತ್ತಿಗೆ ಮಂಜಿನ ಮೇಲೆ ಒಂದೊಂದೇ ನಡುಗಡ್ಡೆಯ ತಲೆ ಕಾಣತೊಡಗುತ್ತದೆ. ಮಂಗಟ್ಟೆ ಹಕ್ಕಿಗಳು ಕೂಗುತ್ತಾ ಹಾರುತ್ತವೆ. ನಾನು ಮೊಬೈಲ್ ಕೆಳಗಿಟ್ಟು ಸುಮ್ನೆ ಕೂತಿದ್ದೆ. ಆಗ ಮನೆಯ ಅಜ್ಜಿ ದನ ಅಟ್ಟಿಕೊಂಡು ಬ್ಯಾಣಕ್ಕೆ ಬಂದರು. ಎಪ್ಪತ್ತು ದಾಟಿದ ವಯಸ್ಸು, ಏರು ಹತ್ತಿದರೂ ಏದುಸಿರಿಲ್ಲ. ಕೋಲಿನಿಂದ ನೀರಿನ ನಡುವಿನ ಒಂದು ನಡುಗಡ್ಡೆ ತೋರಿಸಿ ಹೇಳಿದರು.

"ಅದು ಕಾಣ್ತಲ್ಲ ತಂಗಿ, ಅದರ ಮೇಲೇ ನಾನು ಸಣ್ಣೋಳಿದ್ದಾಗ ದನ ಕಾಯ್ತಿದ್ದೆ. ಅದು ಗುಡ್ಡ ಆಗಿತ್ತು. ಮನೆ ಅದರ ಬುಡದಲ್ಲಿ."

"ಮನೆ ಈಗ..."

"ನೀರಲ್ಲೇ ಇದೆ. ಬಾವಿ, ಅಡಿಕೆ ತೋಟ, ಎಲ್ಲ."

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆ ಅನ್ನುವ ಒಂದು ಪದ ಇಲ್ಲಿ ಪ್ರತಿ ಮನೆಯಲ್ಲೂ ಕೇಳುತ್ತದೆ. ಅಜ್ಜಿ ಅಷ್ಟು ಹೇಳಿ ದನದ ಹಿಂದೆ ಹೋದರು. ನಾವು ಸುಂದರ ಅಂತ ನೋಡುತ್ತಿದ್ದ ನಡುಗಡ್ಡೆಯನ್ನು ಆಮೇಲೆ ನನಗೆ ಗುಡ್ಡವಾಗಿಯೇ ನೋಡಲು ಆಗಿದ್ದು.

ನೀರಿಗೆ ಇಳಿಯುವ ವಿಷಯ. ಮೇಲಿನಿಂದ ಶಾಂತವಾಗಿ ಕಂಡರೂ ದಡ ಒಮ್ಮೆಲೇ ಆಳಕ್ಕೆ ಹೋಗುತ್ತದೆ. ಕೆಳಗೆ ಬೊಡ್ಡೆಗಳಿವೆ, ಹೂಳಿದೆ. ಈಜು ಬರುತ್ತದೆ ಅನ್ನುವವರೂ ಇಳಿಯಬೇಡಿ. ತೆಪ್ಪದಲ್ಲಿ ಹೋಗುವ ಆಸೆ ಇದ್ದರೆ ಲೈಫ್ ಜಾಕೆಟ್ ಇದ್ದರೆ ಮಾತ್ರ. ನಮ್ಮ ಮನೆಯವರು ಕಾಲು ಒದ್ದೆ ಮಾಡಿಕೊಂಡು ಬಂದರು, ಅಷ್ಟೇ ಸಾಕಾಯಿತು.

ಎರಡನೇ ದಿನ ಕೊಡಚಾದ್ರಿಗೆ ಹೋಗಿಬಂದೆವು. 1343 ಮೀಟರ್ ಎತ್ತರ. ಜೀಪಿನ ದಾರಿ ಸೊಂಟ ಮುರಿಯುವಂಥದ್ದು, ಬೆನ್ನುನೋವು ಇದ್ದವರು ಯೋಚಿಸಿ. ಸರ್ವಜ್ಞ ಪೀಠದ ಕಲ್ಲು ಮಂಟಪದ ತನಕ ಹತ್ತಿದರೆ ಹಿನ್ನೀರು ಇನ್ನೊಂದು ಮಗ್ಗುಲಿನಿಂದ ಕಾಣುತ್ತದೆ. ಶನಿವಾರ ಭಾನುವಾರ ಜನ ಜಾಸ್ತಿ. ಸಾಧ್ಯವಾದರೆ ವಾರದ ನಡುವೆ ಹೋಗಿ.

ಊಟದ ಬಗ್ಗೆ ಹೇಳದಿದ್ದರೆ ಆ ಮನೆಯವರಿಗೆ ಅನ್ಯಾಯ. ಬಿಸಿ ಅಕ್ಕಿ ರೊಟ್ಟಿ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ನೀರುದೋಸೆಗೆ ಜೋನಿ ಬೆಲ್ಲ. ನವೆಂಬರ್ ಅಂದರೆ ಅಡಿಕೆ ಕೊಯ್ಲು ಶುರುವಾಗುವ ಕಾಲ. ಊಟ ಮುಗಿಸಿ ಮನೆಮಂದಿಯೆಲ್ಲ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಚರ್ ಚರ್ ಅಂತ ಒಂದೇ ಲಯ. ಬೇಯಿಸಿದ ಅಡಿಕೆಯ ಚೊಗರಿನ ವಾಸನೆ. ಅವರು ಬೆಳಿಗ್ಗೆ ಐದಕ್ಕೆ ಏಳುವವರು. ಹಾಗಾಗಿ ಸ್ಪೀಕರ್ ತರಬೇಡಿ, ರಾತ್ರಿ ಹನ್ನೊಂದಕ್ಕೆ ಟೀ ಕೇಳಬೇಡಿ. ಗಾಜಿನ ಬಾಟಲಿ ಬೇಡವೇ ಬೇಡ. ಒಡೆದ ಚೂರು ಬ್ಯಾಣದಲ್ಲಿ ಉಳಿದರೆ ಮೇಯುವ ದನದ ಕಾಲಿಗೇ ಚುಚ್ಚುತ್ತದೆ. ಬೆಂಕಿ ಹಾಕುವುದಿದ್ದರೆ ಮನೆಯವರು ತೋರಿಸಿದ ಜಾಗದಲ್ಲಿ, ಮಲಗುವ ಮುಂಚೆ ನೀರು ಹೊಯ್ದು ಆರಿಸಿ. ಜನವರಿ ನಂತರ ಹುಲ್ಲು ಒಣಗಿರುವಾಗ ಬೆಂಕಿಯನ್ನೇ ಹಾಕಬೇಡಿ.

ಹೊರಡುವ ದಿನ ಬಿಸಿಲು ಬರುವ ತನಕ ಕಾಯಿರಿ. ಇಬ್ಬನಿಯಲ್ಲಿ ನೆಂದ ಟೆಂಟನ್ನು ಹಾಗೇ ಸುತ್ತಿದರೆ ಎರಡು ದಿನದಲ್ಲಿ ಬೂಸು ಹಿಡಿಯುತ್ತದೆ. ನಾವು ಹತ್ತು ಗಂಟೆ ತನಕ ಬೇಲಿ ಮೇಲೆ ಹರವಿ, ಒಣಗಿಸಿ, ಕೊಡವಿ ಮಡಚಿದೆವು. ಮನೆಗೆ ಬಂದ ಮೇಲೆ ಬಟ್ಟೆಯೆಲ್ಲ ಬಿಸಿನೀರಿಗೆ ಹಾಕಿದೆ. ಮಗನ ಮೊಣಕಾಲಿನ ಹಿಂದೆ ನೋಡಿದೆ. ಈ ಸಲ ಏನೂ ಇರಲಿಲ್ಲ.